ಅಲರ್ಟ್ ವ್ಯೂವರ್ ಎರಡ್ಮೂರು ದಿನಕ್ಕೊಮ್ಮೆ ತಾನಾಗೇ ಮಾಯ ಆಗ್ತಿದೆ, ಟ್ರೇಸ್‌ಬ್ಯಾಕೂ ಇಲ್ಲ, ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?

ಮುಂಜಾವು:

ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ತಿಂತಿರೋ ಸಮಸ್ಯೆ ಇದು, ಸ್ವಲ್ಪ ಉದ್ದಾನೇ ಬರೀತೀನಿ, ಯಾಕಂದ್ರೆ ಯಾವ ವಿವರ ಮುಖ್ಯ ಯಾವುದು ಅಲ್ಲ ಅಂತ ನನಗೇ ಗೊತ್ತಾಗ್ತಿಲ್ಲ.

ನಾವೇ ಬರ್ಕೊಂಡಿರೋ ಒಂದು ಸಣ್ಣ ಡೆಸ್ಕ್‌ಟಾಪ್ ಪ್ರೋಗ್ರಾಮ್ ಇದೆ. ಲಿನಕ್ಸಲ್ಲಿ ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಮ್ ಏನನ್ನ ಮುಟ್ಟಬಹುದು ಅಂತ ಕಾಯೋ ಭದ್ರತಾ ವ್ಯವಸ್ಥೆ) ಯಾವುದನ್ನಾದ್ರೂ ತಡೆದಾಗ ಆಡಿಟ್ ಲಾಗಿಗೆ ಎವಿಸಿ ಡಿನೈಯಲ್ ಅಂತ ಒಂದು ಸಾಲು ಬೀಳತ್ತಲ್ಲ, ಹಿಂದೆ ಓಡ್ತಿರೋ ಡೀಮನ್ ಅದನ್ನ ಓದಿ ಡಿ-ಬಸ್ (ಪ್ರೋಗ್ರಾಮುಗಳು ಒಂದಕ್ಕೊಂದು ಸಂದೇಶ ಕಳಿಸೋ ದಾರಿ) ಮೇಲೆ ಸಿಗ್ನಲ್ ಕಳಿಸತ್ತೆ, ವ್ಯೂವರ್ ಅದನ್ನ ಹಿಡಿದು ಪಟ್ಟಿಯಲ್ಲಿ ತೋರಿಸತ್ತೆ, ಯಾವ ಪ್ರೋಗ್ರಾಮ್, ಯಾವ ಫೈಲು, ಆ ಫೈಲು ಯಾವ ಪ್ಯಾಕೇಜಿಗೆ ಸೇರಿದ್ದು ಅಂತೆಲ್ಲ. ಪೈಥಾನ್ 3, ವಿಂಡೋ ಬಿಡಿಸೋಕೆ ಜಿಟಿಕೆ 3 ಲೈಬ್ರರಿ, ಅಷ್ಟೇ.

ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ವಿಂಡೋ ಇದ್ದಕ್ಕಿದ್ದ ಹಾಗೆ ಮಾಯ. ಎರರ್ ಮೆಸೇಜ್ ಇಲ್ಲ, ಟ್ರೇಸ್‌ಬ್ಯಾಕ್ (ತಪ್ಪು ಯಾವ ಸಾಲಲ್ಲಾಯ್ತು ಅಂತ ಪೈಥಾನ್ ತೋರಿಸೋ ವಿವರ) ಇಲ್ಲ, ನಮ್ಮ ಲಾಗ್ ಫೈಲಲ್ಲಿ ಕೊನೇ ಸಾಲು ಯಾವಾಗ್ಲೂ ಮಾಮೂಲಿ 'ಹೊಸ ಅಲರ್ಟ್ ಬಂತು' ಅಂತಷ್ಟೇ. ಮೇನ್ ಫಂಕ್ಷನ್ನಿಗೆ ಪೂರ್ತಿ ಟ್ರೈ-ಎಕ್ಸೆಪ್ಟ್ ಸುತ್ತಿದೀನಿ, ಒಂದು ಸಲಾನೂ ಅದರೊಳಗೆ ಏನೂ ಸಿಕ್ಕಿಬಿದ್ದಿಲ್ಲ. ಒಮ್ಮೊಮ್ಮೆ ಪಟ್ಟೀನ ಸ್ಕ್ರೋಲ್ ಮಾಡ್ತಿರೋವಾಗ ಬೀಳತ್ತೆ, ಒಮ್ಮೊಮ್ಮೆ ಯಾರೂ ಮುಟ್ಟದೇ ಇದ್ದಾಗ್ಲೂ ಬೀಳತ್ತೆ.

ಮೂರು ಮಷೀನಲ್ಲಿ ಹಾಕಿದೀವಿ. ಎರಡರಲ್ಲಿ ಬೀಳತ್ತೆ, ಮೂರನೇದ್ರಲ್ಲಿ ಇವತ್ತಿನವರೆಗೂ ಬಿದ್ದಿಲ್ಲ. ಮೂರರಲ್ಲೂ ಅದೇ ಡಿಸ್ಟ್ರೋ, ಅದೇ ವರ್ಷನ್, ಅಪ್‌ಡೇಟೂ ಒಂದೇ ದಿನ ಮಾಡಿದ್ದು. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೀನಿ, ಹಳೇ ಅಲರ್ಟ್ ಡೇಟಾಬೇಸ್ ಅಳಿಸಿ ನೋಡಿದೀನಿ, ಏನೂ ಬದಲಾಗ್ಲಿಲ್ಲ. ಕೊನೆಗೆ ಸೆಟ್‌ಎನ್‌ಫೋರ್ಸ್ 0 ಕೊಟ್ಟು ಒಂದು ವಾರ ಪರ್ಮಿಸಿವ್ ಮೋಡಲ್ಲಿ (ತಡೆಯದೇ ಬರೀ ಲಾಗ್ ಮಾಡೋ ಮೋಡು) ಬಿಟ್ವಿ, ಆ ವಾರ ಪೂರ್ತಿ ಒಂದು ಸಲಾನೂ ಬೀಳ್ಲಿಲ್ಲ! ಹಾಗಾಗಿ ಎಸ್‌ಇಲಿನಕ್ಸೇ ವ್ಯೂವರ್‌ನ ಕೊಲ್ತಿದೆ, ಆಫ್ ಮಾಡ್ಬಿಡೋಣ ಅಂತ ಜೊತೆಯಲ್ಲಿರೋರು ಒಬ್ರು ಹೇಳ್ತಿದಾರೆ. ನನಗೆ ಮನಸ್ಸು ಒಪ್ತಿಲ್ಲ, ಆದ್ರೆ ಎದುರು ವಾದ ಮಾಡೋಕೆ ಕೈಲಿ ಸಾಕ್ಷಿ ಇಲ್ಲ.

ಬೇರೆ ಯಾವುದೋ ಪ್ರೋಗ್ರಾಮ್ ಆಗಿದ್ರೆ ಮತ್ತೆ ಓಪನ್ ಮಾಡಿ ಸುಮ್ನಾಗ್ತಿದ್ದೆ. ಇದು ಹಾಗಲ್ಲ, ಬಿದ್ದಿದ್ದು ಗೊತ್ತಾಗದೇ ಹೋದ್ರೆ ಪಟ್ಟಿ ಖಾಲಿ ಇದೆ, ಎಲ್ಲ ಸರಿ ಇದೆ ಅಂತ ನಂಬ್ಕೊಂಡು ಕೂತಿರ್ತಾರೆ. ಹೋದ ವಾರ ಬೆಳಿಗ್ಗೆ ಬಿದ್ದಿದ್ದು ಸಂಜೆವರೆಗೂ ಯಾರೂ ನೋಡ್ಲಿಲ್ಲ. ದಯವಿಟ್ಟು ದಾರಿ ತೋರಿಸಿ.


ಹೊಸಚಿಗುರು:

ನನಗೂ ಒಂದು ಜಿಟಿಕೆ ಪ್ರೋಗ್ರಾಮಲ್ಲಿ ಹೀಗೇ ಆಗ್ತಿತ್ತು, ಅದು ವೇಲ್ಯಾಂಡ್ (ಪರದೆ ಮೇಲೆ ವಿಂಡೋ ತೋರಿಸೋ ವ್ಯವಸ್ಥೆ) ಕಡೆಯಿಂದ ಬಂದಿದ್ದ ತೊಂದರೆ. ಜಿಡಿಕೆ-ಬ್ಯಾಕೆಂಡ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ ಅದರ ಬದಲಿಗಿರೋ ಹಳೇ ವ್ಯವಸ್ಥೆ ಎಕ್ಸ್11 ಅಂತ ಕೊಟ್ಟು ಓಡಿಸಿ ನೋಡಿ, ಬೀಳೋದು ನಿಂತ್ರೆ ಡಿಸ್ಪ್ಲೇ ಕಡೆಯದ್ದು ಅಂತ ಗೊತ್ತಾಗತ್ತೆ. ಇಲ್ಲಾಂದ್ರೆ ಗ್ರಾಫಿಕ್ಸ್ ಡ್ರೈವರ್, ಅದೂ ಅಲ್ಲಾಂದ್ರೆ ರ‍್ಯಾಮ್ ಕೆಟ್ಟಿರಬಹುದು, ಒಂದು ರಾತ್ರಿ ಮೆಮ್‌ಟೆಸ್ಟ್ ಹಾಕಿ.


ಎಳೆಬಿಡಿಸು:

ಮುಂಜಾವು ಅವ್ರೇ, ನೀವು ಬರೆದಿದ್ರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಟ್ರೇಸ್‌ಬ್ಯಾಕ್ ಇಲ್ಲ ಅನ್ನೋ ಮಾತು. ಪೈಥಾನ್ ಕೋಡಲ್ಲಿ ತಪ್ಪಾಗಿದ್ರೆ ಎಕ್ಸೆಪ್ಶನ್ ಬಂದು ಟ್ರೇಸ್‌ಬ್ಯಾಕ್ ಬೀಳಲೇಬೇಕು. ಅದೇ ಇಲ್ಲ ಅಂದ್ರೆ ಸತ್ತಿದ್ದು ಪೈಥಾನಿನ ಕೆಳಗಡೆ, ಸಿ ಭಾಷೆಯಲ್ಲಿರೋ ಜಿಟಿಕೆ, ಜಿಲಿಬ್ ಅಥವಾ ಇನ್ಯಾವುದೋ ಲೈಬ್ರರಿ ಒಳಗೆ. ಅಲ್ಲಿ ತಪ್ಪು ವಿಳಾಸ ಮುಟ್ಟಿದ ಕೂಡ್ಲೇ ಕರ್ನಲ್ ಸಿಗ್ನಲ್ 11 ಕಳಿಸಿ ಪ್ರೋಸೆಸ್ಸನ್ನ ಅಲ್ಲೇ ನಿಲ್ಲಿಸಿಬಿಡತ್ತೆ, ನಿಮ್ಮ ಟ್ರೈ-ಎಕ್ಸೆಪ್ಟ್ ಎಷ್ಟು ದೊಡ್ಡದಿದ್ರೂ ಅದರ ಕೈಗೆ ಸಿಗಲ್ಲ.

ಈಗ ಊಹೆ ಮಾಡೋದು, ಮತ್ತೆ ಇನ್‌ಸ್ಟಾಲ್ ಮಾಡೋದು ಎಲ್ಲ ನಿಲ್ಸಿ. ಎರಡು ದಿನಕ್ಕೊಮ್ಮೆ ಬೀಳೋ ಪ್ರೋಗ್ರಾಮಲ್ಲಿ ಒಂದು ಬದಲಾವಣೆ ಮಾಡಿ ಕಾಯ್ತಾ ಕೂತ್ರೆ ಅದು ಕೆಲಸ ಮಾಡ್ತೋ ಇಲ್ವೋ ಅಂತ ತಿಳ್ಕೊಳ್ಳೋಕೆ ಒಂದೊಂದಕ್ಕೂ ಒಂದು ವಾರ ಹೋಗತ್ತೆ. ಮುಂದಿನ ಸಲ ಬಿದ್ದಾಗ ಸಾಕ್ಷಿ ಉಳಿಯೋ ಹಾಗೆ ಮೊದಲು ವ್ಯವಸ್ಥೆ ಮಾಡ್ಕೊಳ್ಳಿ.

ಒಂದು, ಜರ್ನಲಲ್ಲಿ (ಸಿಸ್ಟಮ್ ಲಾಗಲ್ಲಿ) ಕರ್ನಲ್ ಸಾಲುಗಳನ್ನ ನೋಡಿ, ಬಿದ್ದ ಹೊತ್ತಿಗೆ ಸೆಗ್‌ಫಾಲ್ಟ್ ಅಂತ ಒಂದು ಸಾಲು ಇರಬೇಕು, ಅದನ್ನ ಇಲ್ಲಿ ಹಾಕಿ. ಎರಡು, ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಅಂತ ಕೊಡಿ, ಸಿಸ್ಟಮ್‌ಡಿ ಕೋರ್ ಫೈಲುಗಳನ್ನ (ಸಾಯೋ ಕ್ಷಣದ ಮೆಮೊರಿ ನಕಲುಗಳನ್ನ) ಎತ್ತಿಟ್ಟಿದ್ರೆ ಅಲ್ಲಿ ಕಾಣತ್ತೆ. ಪಕ್ಕದಲ್ಲಿ ಮಿಸ್ಸಿಂಗ್ ಅಂತ ಬಂದ್ರೆ ಫೈಲು ಹಳೇದಾಗಿ ಅಳಿಸಿಹೋಗಿದೆ ಅಂತ ಅರ್ಥ, ಮುಂದಿನದು ಬಿದ್ದ ದಿನವೇ ಎತ್ತಿಟ್ಕೊಳ್ಳಿ. ಮೂರು, ವ್ಯೂವರ್‌ನ ಪೈಥಾನಿನ ಫಾಲ್ಟ್‌ಹ್ಯಾಂಡ್ಲರ್ ಆನ್ ಮಾಡಿ ಓಡಿಸಿ, ಪೈಥಾನ್ 3.3ರಿಂದ ಅದು ಜೊತೆಯಲ್ಲೇ ಬರತ್ತೆ, ಮೈನಸ್ ದೊಡ್ಡ ಎಕ್ಸ್ ಫಾಲ್ಟ್‌ಹ್ಯಾಂಡ್ಲರ್ ಅಂತ ಕಮಾಂಡಿಗೆ ಸೇರಿಸಿದ್ರೆ ಸಾಕು. ಸಿಗ್ನಲ್ 11 ಬಂದ ಕ್ಷಣದಲ್ಲಿ ಯಾವ್ಯಾವ ಥ್ರೆಡ್ (ಒಂದೇ ಪ್ರೋಗ್ರಾಮೊಳಗೆ ಜೊತೆಜೊತೆಗೆ ಓಡೋ ಎಳೆ) ಪೈಥಾನಿನ ಯಾವ ಸಾಲಲ್ಲಿತ್ತು ಅಂತ ಎರರ್ ಔಟ್‌ಪುಟ್ಟಿಗೆ ಬರ್ದು ಸಾಯತ್ತೆ. ಆ ಔಟ್‌ಪುಟ್ ಒಂದು ಫೈಲಿಗೆ ಹೋಗೋ ಹಾಗೆ ನೋಡ್ಕೊಳ್ಳಿ, ಐಕಾನ್ ಒತ್ತಿ ಓಪನ್ ಮಾಡಿದ್ರೆ ಅದು ಎಲ್ಲಿ ಹೋಯ್ತು ಅಂತ ಆಮೇಲೆ ಹುಡುಕ್ತಾ ಕೂರಬೇಕಾಗತ್ತೆ.

ಒಂದು ಎಚ್ಚರಿಕೆ. ಕೋರ್ ಫೈಲನ್ನ ಮಾತ್ರ ಎಲ್ಲೂ ಅಪ್‌ಲೋಡ್ ಮಾಡ್ಬೇಡಿ. ಅದು ಆ ಪ್ರೋಸೆಸ್ಸಿನ ಮೆಮೊರಿಯ ನಕಲು, ನಿಮ್ಮ ಅಲರ್ಟುಗಳಲ್ಲಿರೋ ಫೈಲ್ ಹೆಸರು, ಯೂಸರ್ ಹೆಸರು, ಯಾವ ಸರ್ವಿಸ್ ಎಲ್ಲಿ ಎಡವ್ತಿದೆ ಅನ್ನೋದು ಎಲ್ಲ ಅದರೊಳಗೆ ಇರತ್ತೆ. ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನ ಕರೆದು ಅಲ್ಲಿಗೆ ಬಂತು ಅನ್ನೋ ಪಟ್ಟಿ) ಮಾತ್ರ ತೆಗೆದು, ಒಂದು ಸಲ ಓದಿ, ಆಮೇಲೆ ಹಾಕಿ.

ಹೊಸಚಿಗುರು ಹೇಳಿದ ಎಕ್ಸ್11 ಪ್ರಯೋಗ ಸುಲಭ, ಮಾಡಿ ನೋಡಬಹುದು. ರ‍್ಯಾಮ್ ವಿಷ್ಯ ನನಗೆ ಅನುಮಾನ, ಎರಡು ಮಷೀನಿನ ರ‍್ಯಾಮ್ ಒಂದೇ ತಿಂಗಳಲ್ಲಿ ಕೆಟ್ಟು ಎರಡೂ ಕಡೆ ಇದೊಂದೇ ಪ್ರೋಗ್ರಾಮ್ ಬೀಳೋದು ಆಗದ ಮಾತು.

ಇನ್ನೊಂದು ಕೇಳ್ಬೇಕಿತ್ತು: ಒಂದು ತಿಂಗಳಿಂದ ಅಂದ್ರಲ್ಲ, ಅದಕ್ಕೆ ಮುಂಚೆ ಬೀಳ್ತಿರ್ಲಿಲ್ವಾ? ಹಾಗಾದ್ರೆ ತಿಂಗಳ ಹಿಂದೆ ಏನು ಬದಲಾಯ್ತು?


ಗಟ್ಟಿಬೀಗ:

ಮುಂಜಾವು ಅವರ, ಎಸ್‌ಇಲಿನಕ್ಸ್ ಬಂದ್ ಮಾತ್ರ ಮಾಡಬ್ಯಾಡ್ರಿ. ಪರ್ಮಿಸಿವ್ ಮೋಡಿನ್ಯಾಗ ಒಂದು ವಾರ ಬೀಳಲಿಲ್ಲ ಅಂದ್ರಿ, ಅದಕ್ಕೊಂದು ಬ್ಯಾರೇನ ಕಾರಣ ಐತಿ, ನಿಮ್ಮ ಜೋಡಿ ಇದ್ದವರಿಗೆ ಇದನ್ನ ತೋರಿಸ್ರಿ.

ಎನ್‌ಫೋರ್ಸಿಂಗ್ ಇದ್ದಾಗ ಒಂದು ಪ್ರೋಗ್ರಾಮು ಅದ ಫೈಲಿಗೆ ನೂರು ಸಲ ಕೈ ಹಾಕಿದ್ರ ನೂರು ಸಲಾನೂ ತಡೀತೈತಿ, ನೂರು ಸಲಾನೂ ಲಾಗಿನ್ಯಾಗ ಬರೀತೈತಿ. ಪರ್ಮಿಸಿವ್ ಇದ್ದಾಗ ಹಂಗಲ್ಲ, ಒಂದ ನಮೂನಿ ಡಿನೈಯಲ್ ಸಾಲಾಗಿ ಬಂದ್ರ ಮೊದಲನೇದು ಮಾತ್ರ ಬರದು ಬಿಡತೈತಿ, ಉಳಿದದ್ದು ಬರಿಯೂದಿಲ್ಲ. ಅಂದ್ರ ಆ ವಾರ ನಿಮ್ಮ ವ್ಯೂವರಿಗೆ ಬಂದ ಅಲರ್ಟ್ ಭಾಳ ಕಡಿಮಿ. ವ್ಯೂವರ್ ಬೀಳಲಿಲ್ಲ ಅಂದ್ರ ಎಸ್‌ಇಲಿನಕ್ಸ್ ಅದನ್ನ ಹೊಡೀತಿತ್ತು ಅಂತಲ್ಲ, ಒಮ್ಮೆಲೇ ಗುಂಪಾಗಿ ಬರೂ ಅಲರ್ಟ್ ನಿಂತವು ಅಂತ. ಎಸ್‌ಇಲಿನಕ್ಸ್ ಅಂಬೂದು ಪ್ರೋಗ್ರಾಮನ್ನ ಕೊಲ್ಲೂದಿಲ್ಲ, ಕೇಳಿದ ಕೆಲಸಕ್ಕ ಇಲ್ಲ ಅಂತ ಹೇಳತೈತಿ ಅಷ್ಟ. ವ್ಯೂವರನ್ನೇ ತಡೆದಿದ್ರ ಆ ವ್ಯೂವರಿನ ಹೆಸರಿಂದ ಒಂದು ಡಿನೈಯಲ್ ಇರಬೇಕಿತ್ತು, ಐತಿ ಏನು ಹುಡುಕ್ರಿ.

ಹಂಗಾಗಿ ಒಂದು ಕೆಲಸ ಮಾಡ್ರಿ. ವ್ಯೂವರ್ ಬಿದ್ದ ಟೈಮ್ ಹಿಡಕೊಂಡು, ಆಡಿಟ್ ಲಾಗ್ ಹುಡುಕೂ ಎಯುಸರ್ಚ್ ಕಮಾಂಡಿಗೆ ಮೈನಸ್ ಎಂ ಎವಿಸಿ ಕೊಟ್ಟು, ಮೈನಸ್ ಐ ಸೇರಿಸ್ರಿ, ಇಲ್ಲಂದ್ರ ಒಂದೊಂದು ಸಾಲಿನೊಳಗಿನ ಟೈಮ್ 1970ರಿಂದ ಎಣಿಸಿದ ಸೆಕೆಂಡಿನ್ಯಾಗ ಬರತೈತಿ, ಓದಾಕ ತ್ರಾಸ. ಬಿದ್ದ ಆ ಒಂದು ನಿಮಿಷದಾಗ ಎಷ್ಟು ಡಿನೈಯಲ್ ಬಂದಾವು ಎಣಿಸ್ರಿ. ಮೂರನೇ ಮಷೀನಿನ್ಯಾಗೂ ದಿನಕ್ಕ ಎಷ್ಟು ಬರತಾವು ನೋಡ್ರಿ.

ಮತ್ತ ನೆನಪಿರಲಿ, ವ್ಯೂವರ್ ಬಿದ್ರೂ ಆಡಿಟ್ ಲಾಗ್ ಎಲ್ಲೂ ಹೋಗೂದಿಲ್ಲ. ಆ ದಿನ ಸಂಜೀತನ ನೋಡಿಲ್ಲ ಅಂದ್ರೆಲ್ಲ, ಅವು ಎಲ್ಲಾ ಅಲ್ಲೇ ಅದಾವು, ಕುಂತು ಒಮ್ಮೆ ಓದ್ರಿ.


ಮುಂಜಾವು:

ಇಬ್ರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಆಯ್ತು, ಈಗ ಹೇಳೋಕೆ ಏನಾದ್ರೂ ಇದೆ.

ಎಕ್ಸ್11ನಲ್ಲಿ ಓಡಿಸ್ದೆ, ಎರಡನೇ ದಿನ ಬಿತ್ತು. ಹಾಗಾಗಿ ವೇಲ್ಯಾಂಡ್ ಅಲ್ಲ. ಕೋರ್‌ಡಂಪ್ ಲಿಸ್ಟಲ್ಲಿ ಹಳೇವೆಲ್ಲ ಮಿಸ್ಸಿಂಗ್ ಅಂತಾನೇ ಇತ್ತು, ಎಳೆಬಿಡಿಸು ಅವ್ರು ಹೇಳಿದ ಹಾಗೇ, ಹೊಸದು ಒಂದನ್ನ ಎತ್ತಿಟ್ಕೊಂಡಿದೀನಿ. ಕರ್ನಲ್ ಸಾಲಲ್ಲಿ ಹೀಗಿದೆ (ಉದ್ದ ವಿಳಾಸಗಳನ್ನ ಬಿಟ್ಟಿದೀನಿ): ಸೆಗ್‌ಫಾಲ್ಟ್ ಅಟ್ 18, ಎರರ್ 4, ಇನ್ ಲಿಬ್‌ಜಿಟಿಕೆ-3. ಇದರರ್ಥ ಏನು?

ಗಟ್ಟಿಬೀಗ ಅವ್ರೇ, ನಿಮ್ಮ ಮಾತು ಕೇಳಿ ಹೊತ್ತು ಹೊಂದಿಸಿ ನೋಡ್ದೆ, ಮೈ ಜುಂ ಅಂತು. ಬಿದ್ದಿದ್ದು 11:30:04ಕ್ಕೆ. ಆಡಿಟಲ್ಲಿ 11:30:03 ಮತ್ತು 11:30:04 ಈ ಎರಡು ಸೆಕೆಂಡಲ್ಲಿ 37 ಡಿನೈಯಲ್! ಅದಕ್ಕೆ ಮುಂಚೆ ಅರ್ಧ ಗಂಟೆ ಒಂದೂ ಇಲ್ಲ. ಹಿಂದಿನ ಕ್ರ್ಯಾಶುಗಳ ಹೊತ್ತು ಜರ್ನಲಲ್ಲಿ ಇತ್ತಲ್ಲ, ಅವನ್ನೂ ನೋಡ್ದೆ, ಆರರಲ್ಲಿ ಆರೂ ಗಂಟೆ ಆದ ಮೇಲೆ ಅಥವಾ ಅರ್ಧ ಗಂಟೆ ಆದ ಮೇಲೆ ಕೆಲವು ಸೆಕೆಂಡಿನೊಳಗೆ. ನಾನು ಯಾವಾಗಂದ್ರೆ ಆವಾಗ ಬೀಳತ್ತೆ ಅಂದ್ಕೊಂಡಿದ್ದೆ, ಗಡಿಯಾರ ನೋಡ್ಕೊಂಡೇ ಬೀಳ್ತಿದೆ. ಮೂರನೇ ಮಷೀನಲ್ಲಿ ದಿನಕ್ಕೆ ಒಂದೋ ಎರಡೋ ಡಿನೈಯಲ್, ಅಷ್ಟೇ. ವ್ಯೂವರ್ ಹೆಸರಲ್ಲಿ ಡಿನೈಯಲ್ ಒಂದೂ ಇಲ್ಲ, ಅದನ್ನ ಜೊತೆಯಲ್ಲಿರೋರಿಗೆ ತೋರಿಸ್ದೆ, ಆಫ್ ಮಾಡೋ ಮಾತು ಅಲ್ಲಿಗೆ ನಿಂತಿದೆ.

ಫಾಲ್ಟ್‌ಹ್ಯಾಂಡ್ಲರ್ ಬರೆದಿದ್ದು: ಮೇನ್ ಥ್ರೆಡ್ ಜಿಟಿಕೆ ಮೇನ್ ಲೂಪ್ ಓಡಿಸೋ ಸಾಲಲ್ಲಿ, ಇನ್ನೊಂದು ಥ್ರೆಡ್ ನಮ್ಮ ಕೋಡಿನ ಸಾಲನ್ನ_ಸೇರಿಸು ಅನ್ನೋ ಫಂಕ್ಷನ್ನಲ್ಲಿ, ಲಿಸ್ಟ್‌ಸ್ಟೋರ್ (ಪಟ್ಟಿಯ ಡೇಟಾ ಇಡೋ ಜಿಟಿಕೆ ವಸ್ತು) ಅಪೆಂಡ್ ಮಾಡೋ ಸಾಲಲ್ಲಿ.

ತಿಂಗಳ ಹಿಂದೆ ಏನೂ ಬದಲಾಗಿಲ್ಲ ಅಂತ ಬರೆಯೋಕೆ ಹೊರಟಿದ್ದೆ, ಆದ್ರೂ ಗಿಟ್ ಲಾಗ್ ತೆಗೆದು ನೋಡಿದ್ರೆ ಒಂದು ಬದಲಾವಣೆ ಇದೆ. ಒಂದು ಫೈಲು ಯಾವ ಪ್ಯಾಕೇಜಿಗೆ ಸೇರಿದ್ದು ಅಂತ ಆರ್‌ಪಿಎಂ (ಇನ್‌ಸ್ಟಾಲ್ ಆದ ಪ್ಯಾಕೇಜುಗಳ) ಡೇಟಾಬೇಸ್ ಕೇಳೋಕೆ ಸ್ವಲ್ಪ ಹೊತ್ತು ಹಿಡಿಯತ್ತೆ, ಅಷ್ಟು ಹೊತ್ತು ವಿಂಡೋ ಗಟ್ಟಿಯಾಗಿಬಿಡ್ತಿತ್ತು, ಅದಕ್ಕೇ ಆ ಕೆಲಸಾನ ಬೇರೆ ಥ್ರೆಡ್ಡಿಗೆ ಹಾಕಿದ್ವಿ. ಪೈಥಾನಲ್ಲಿ ಜಿಐಎಲ್ ಅನ್ನೋ ಲಾಕ್ ಇದೆಯಲ್ಲ, ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡೋದು, ಹಾಗಾಗಿ ಏನೂ ಆಗಲ್ಲ ಅಂತ ಆಗ ಮಾತಾಡ್ಕೊಂಡಿದ್ವಿ. ಅದು ತಪ್ಪಾ?


ಎಳೆಬಿಡಿಸು:

ಅದೇ. ಬಹುತೇಕ ಅದೇ, ಆದ್ರೆ ಖಾತ್ರಿ ಮಾಡ್ಕೊಂಡೇ ಸರಿ ಮಾಡೋಣ.

ಮೊದಲು ನಿಮ್ಮ ಕರ್ನಲ್ ಸಾಲು. ಅಟ್ 18 ಅಂದ್ರೆ ಪ್ರೋಗ್ರಾಮ್ ಓದೋಕೆ ಹೋದ ವಿಳಾಸ, ಹೆಕ್ಸಲ್ಲಿ. ಇಷ್ಟು ಸಣ್ಣ ನಂಬರ್ ಕಂಡ್ರೆ ಸಾಮಾನ್ಯವಾಗಿ ನಲ್ ಪಾಯಿಂಟರ್ ಅಂತ ತಿಳ್ಕೊಳ್ಳಿ, ಅಂದ್ರೆ ಒಂದು ಸ್ಟ್ರಕ್ಟಿನ ಪಾಯಿಂಟರ್ ಸೊನ್ನೆ ಆಗಿತ್ತು, ಅದರ ಶುರುವಿಂದ ಹೆಕ್ಸ್ 18, ಅಂದ್ರೆ 24 ಬೈಟ್ ಆಚೆ ಇರೋ ಫೀಲ್ಡನ್ನ ಓದೋಕೆ ಹೋಯ್ತು. ಎರರ್ 4 ಅನ್ನೋದು ಎಕ್ಸ್86 ಪ್ರೊಸೆಸರ್ ಕೊಡೋ ಪೇಜ್ ಫಾಲ್ಟ್ ಕೋಡು, 4ರ ಬಿಟ್ ಇದ್ರೆ ಯೂಸರ್ ಮೋಡು, 2ರ ಬಿಟ್ ಇದ್ರೆ ಬರೆಯೋಕೆ ಹೋಗಿದ್ದು, 1ರ ಬಿಟ್ ಇದ್ರೆ ಪೇಜ್ ಇತ್ತು ಆದ್ರೆ ಅನುಮತಿ ಇರ್ಲಿಲ್ಲ ಅಂತ. ಬರೀ 4 ಅಂದ್ರೆ ನಮ್ಮ ಪ್ರೋಗ್ರಾಮು ಇಲ್ಲದ ಪೇಜನ್ನ ಓದೋಕೆ ಹೋಗಿ ಸತ್ತಿದೆ. 6 ಅಂತಿದ್ರೆ ಬರೆಯೋಕೆ ಹೋಗಿ ಅಂತ. ಒಂದೇ ಸಾಲಲ್ಲಿ ಇಷ್ಟು ವಿಷ್ಯ ಸಿಗತ್ತೆ, ಆದ್ರೂ ಎಷ್ಟೋ ಜನ ಅದನ್ನ ಓದದೇ ದಾಟಿಹೋಗ್ತಾರೆ, ನನಗೆ ಬೇಜಾರಾಗೋ ವಿಷ್ಯ ಅದು.

ಇನ್ನು ಜಿಐಎಲ್. ಅದು ಕಾಯೋದು ಪೈಥಾನಿನ ಒಳಗಿನ ವಸ್ತುಗಳನ್ನ ಮಾತ್ರ. ಪೈಥಾನಿಂದ ಜಿಟಿಕೆ ಬಳಸೋಕಿರೋ ಪೈಜಿಒಬ್ಜೆಕ್ಟ್ ಮೂಲಕ ನೀವು ಜಿಟಿಕೆ ಫಂಕ್ಷನ್ ಕರೆದಾಗ ಸಿ ಕೋಡಿಗೆ ಹೋಗೋ ಮುಂಚೆ ಜಿಐಎಲ್ ಬಿಟ್ಟುಕೊಡತ್ತೆ, ಬಿಡದೇ ಇದ್ರೆ ಮೇನ್ ಲೂಪ್ ನಿದ್ದೆ ಮಾಡ್ತಿರೋವಾಗ ಬೇರೆ ಯಾವ ಥ್ರೆಡ್ಡೂ ಓಡೋಕೆ ಆಗ್ತಿರ್ಲಿಲ್ಲ. ಅಂದ್ರೆ ನಿಮ್ಮ ಮೇನ್ ಥ್ರೆಡ್ ಪಟ್ಟಿಯ ಸಾಲುಗಳ ಎತ್ತರ ಲೆಕ್ಕ ಹಾಕಿ ಚಿತ್ರ ಬಿಡಿಸ್ತಿರೋವಾಗ್ಲೇ, ಅದೇ ಕ್ಷಣ, ಇನ್ನೊಂದು ಥ್ರೆಡ್ ಆ ಪಟ್ಟಿಗೆ ಹೊಸ ಸಾಲು ತುರುಕಬಹುದು. ಜಿಟಿಕೆ ಥ್ರೆಡ್-ಸೇಫ್ ಅಲ್ಲ. ಅದನ್ನ ಮುಟ್ಟೋದು ಮೇನ್ ಲೂಪ್ ಓಡ್ತಿರೋ ಒಂದೇ ಥ್ರೆಡ್ ಆಗಿರಬೇಕು, ಲಿಸ್ಟ್‌ಸ್ಟೋರ್ ವಿಜೆಟ್ ಅಲ್ಲ ಬರೀ ಡೇಟಾ ಅಂತ ಅನ್ಸಿದ್ರೂ ಅದಕ್ಕೆ ಸಾಲು ಸೇರಿದ ಕೂಡ್ಲೇ ರೋ-ಇನ್ಸರ್ಟೆಡ್ ಸಿಗ್ನಲ್ ಹೊರಟು ಪಟ್ಟೀನ ತೋರಿಸೋ ಟ್ರೀವ್ಯೂ ಅದೇ ಥ್ರೆಡ್ಡಲ್ಲಿ ಕೆಲಸ ಶುರು ಮಾಡಿಬಿಡತ್ತೆ. ದಿನಕ್ಕೆ ಎರಡು ಅಲರ್ಟ್ ಬರೋ ಮಷೀನಲ್ಲಿ ಈ ಎರಡೂ ಒಂದೇ ಕ್ಷಣಕ್ಕೆ ಡಿಕ್ಕಿ ಹೊಡೆಯೋದು ಅಪರೂಪ. ಎರಡು ಸೆಕೆಂಡಲ್ಲಿ 37 ಬಂದ್ರೆ ಒಂದಲ್ಲ ಒಂದು ಸಲ ಹೊಡಿಯತ್ತೆ. ನಿಮ್ಮ ಮೂರು ಮಷೀನಿನ ಕಥೆ ಇದಕ್ಕೆ ಸರಿಯಾಗಿ ಕೂರತ್ತೆ.

ಈಗ ಖಾತ್ರಿ ಮಾಡ್ಕೊಳ್ಳೋದು. ಕೋರ್‌ಡಂಪ್‌ಸಿಟಿಎಲ್ ಮೂಲಕ ಜಿಡಿಬಿ ಡೀಬಗರ್ ತೆಗೆದು ಎಲ್ಲಾ ಥ್ರೆಡ್ಡಿನ ಬ್ಯಾಕ್‌ಟ್ರೇಸ್ ತಗೊಳ್ಳಿ, ಬರೀ ಸತ್ತ ಥ್ರೆಡ್ಡಿನದ್ದಲ್ಲ, ಥ್ರೆಡ್ ಅಪ್ಲೈ ಆಲ್ ಬಿಟಿ ಅಂತ. ಫಂಕ್ಷನ್ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದ್ರೆ ಡೀಬಗ್‌ಇನ್ಫೋ ಪ್ಯಾಕೇಜ್ ಬೇಕು. ಮತ್ತೆ ಈ ಥರದ ಬಗ್ಗಲ್ಲಿ ಸತ್ತ ಜಾಗವೂ ತಪ್ಪಾದ ಜಾಗವೂ ಬೇರೆಬೇರೆ ಇರತ್ತೆ, ಒಂದು ಥ್ರೆಡ್ ಕೆಡಿಸಿ ಹೋಗಿದ್ದನ್ನ ಇನ್ನೊಂದು ಥ್ರೆಡ್ ಆಮೇಲೆ ಮುಟ್ಟಿ ಸಾಯತ್ತೆ. ಹಾಗಾಗಿ ಎರಡು ಮೂರು ಕೋರ್ ಹೋಲಿಸಿ ನೋಡಿ, ಪ್ರತಿ ಸಲವೂ ಸತ್ತ ಜಾಗ ಬೇರೆ ಇದ್ರೆ ಗಾಬರಿ ಆಗ್ಬೇಡಿ, ಆ ಚೆದುರುವಿಕೆಯೇ ಒಂದು ಗುರುತು.

ಮತ್ತೆ ಎರಡು ದಿನ ಕಾಯ್ಬೇಡಿ. ಆ 37 ಅಲರ್ಟನ್ನ ಫೈಲಲ್ಲಿ ಉಳಿಸಿಟ್ಕೊಂಡು, ಸೆಷನ್ ಬಸ್ ಮೇಲೆ ಅವನ್ನೇ ಒಂದರ ಹಿಂದೆ ಒಂದು ಕಳಿಸೋ ಸಣ್ಣ ಸ್ಕ್ರಿಪ್ಟ್ ಬರೀರಿ, ವ್ಯೂವರ್ ಆ ಬಸ್ಸನ್ನ ಕೇಳೋ ಹಾಗೆ ಒಂದು ಟೆಸ್ಟ್ ಆಪ್ಷನ್ ಕೊಡಿ. ನಿಜವಾದ ಡಿನೈಯಲ್ ಹುಟ್ಟಿಸೋ ಅಗತ್ಯ ಇಲ್ಲ. ಜಿ-ಡೀಬಗ್ ವೇರಿಯಬಲ್ಲಿಗೆ ಫೇಟಲ್-ಕ್ರಿಟಿಕಲ್ಸ್ ಅಂತ ಕೊಟ್ಟು ಓಡಿಸಿದ್ರೆ ಜಿಟಿಕೆ ಮೊದಲ ಸಲ ಕ್ರಿಟಿಕಲ್ ಅಂತ ಗೊಣಗಿದಾಗಲೇ ನಿಂತುಬಿಡತ್ತೆ, ಕೆಟ್ಟ ಜಾಗಕ್ಕೆ ಇನ್ನೂ ಹತ್ತಿರದಲ್ಲಿ ಕೋರ್ ಸಿಗತ್ತೆ. ಆಗ ಸಿಗ್ನಲ್ 11ರ ಬದಲು 5 ಕಾಣಬಹುದು, ಅದು ಹೊಸ ಬಗ್ ಅಲ್ಲ. ಫಾಲ್ಟ್‌ಹ್ಯಾಂಡ್ಲರ್ 5ನ್ನ ಹಿಡಿಯಲ್ಲ, ಕೋರ್ ನೋಡಿ.


ಗಟ್ಟಿಬೀಗ:

ವ್ಯೂವರಿಂದು ಎಳೆಬಿಡಿಸು ಅವರು ನೋಡಕೊಳ್ತಾರ. ಆದ್ರ ಆ 37 ಡಿನೈಯಲ್ ಮರೀಬ್ಯಾಡ್ರಿ, ಅವೂ ಖರೇ ಅಲರ್ಟ್. ಅರ್ಧ ತಾಸಿಗೊಮ್ಮೆ ಅಂದ್ರ ಕ್ರಾನ್ ಅಥವಾ ಟೈಮರಿನ ಕೆಲಸ ಇರಬೇಕು. ಯಾವ ಫೈಲು ಅಂತ ನೋಡಿ, ಎಲ್‌ಎಸ್ ದೊಡ್ಡ ಝಡ್ ಕೊಟ್ಟು ಲೇಬಲ್ (ಎಸ್‌ಇಲಿನಕ್ಸ್ ಫೈಲಿಗೆ ಹಚ್ಚಿದ ಗುರುತು) ನೋಡ್ರಿ. ಯಾರರ ಮನಿ ಡೈರೆಕ್ಟರಿಯಿಂದ ಎಂವಿ (ಜಾಗ ಬದಲಿ) ಮಾಡಿ ತಂದು ಇಟ್ಟಿರ್ತಾರ, ಎಂವಿ ಮಾಡಿದ್ರ ಫೈಲು ಹಳೇ ಲೇಬಲ್ಲ ಹೊತ್ಕೊಂಡ ಬರತೈತಿ, ಸಿಪಿ (ನಕಲು) ಮಾಡಿದ್ರ ಹೊಸಾ ಜಾಗದ ಲೇಬಲ್ ತಗೋತೈತಿ. ಹಂಗಿದ್ರ ಲೇಬಲ್ ಮತ್ತ ಸರಿ ಮಾಡೂ ರಿಸ್ಟೋರ್‌ಕಾನ್ ಒಂದ ಸಾಕು.

ಆದ್ರ ಮೊದಲು ಅಲರ್ಟ್ ಉಳಿಸಿಟ್ಕೊಳ್ರಿ, ಆಮ್ಯಾಲೆ ಲೇಬಲ್ ಸರಿ ಮಾಡ್ರಿ. ಮೊದಲ ಲೇಬಲ್ ಸರಿ ಮಾಡಿದ್ರ ಅಲರ್ಟ್ ನಿಲ್ಲತಾವು, ವ್ಯೂವರೂ ಬೀಳೂದು ನಿಲ್ಲಸತೈತಿ, ಎಲ್ಲಾ ಆರಾಮ ಆತು ಅಂತ ಬಿಟ್ಟಬಿಡ್ತೀರಿ, ಮುಂದ ಒಂದು ದಿನ ಖರೇನ ಯಾರರ ಒಳಗ ಹೊಕ್ಕು ಒಮ್ಮೆಲೇ ನೂರು ಅಲರ್ಟ್ ಬಂದಾಗ, ಬೇಕಾದ ಹೊತ್ತಿಗೇ ವ್ಯೂವರ್ ಬೀಳತೈತಿ.


ಮುಂಜಾವು:

ಗಟ್ಟಿಬೀಗ ಅವ್ರ ಕೊನೇ ಮಾತು ಓದಿ ನಿಜಕ್ಕೂ ಭಯ ಆಯ್ತು. ಅಲರ್ಟ್ ಜಾಸ್ತಿ ಬಂದಷ್ಟೂ ಬೀಳೋ ಸಾಧ್ಯತೆ ಜಾಸ್ತಿ ಇರೋ ಅಲರ್ಟ್ ವ್ಯೂವರ್ ನಾವು ಇಟ್ಕೊಂಡಿದ್ವಿ.

ಸ್ಕ್ರಿಪ್ಟ್ ಬರ್ದೆ. 37 ಅಲರ್ಟನ್ನ ಸುತ್ತಿ ಸುತ್ತಿ ಕಳಿಸ್ತಾ ಹೋದ್ರೆ ಸರಾಸರಿ ಎರಡು ನಿಮಿಷಕ್ಕೆ ಬೀಳತ್ತೆ, ಒಂದು ಸಲ 20 ಸೆಕೆಂಡಿಗೇ ಬಿತ್ತು. ಯಾವತ್ತೂ ಬೀಳದ ಮೂರನೇ ಮಷೀನಲ್ಲೂ ಬಿತ್ತು! ಅಲ್ಲಿ ಬಿದ್ದಿದ್ದು ನೋಡಿ ಅಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕಾಗಲ್ಲ. ನಾಲ್ಕು ಕೋರ್ ಹೋಲಿಸ್ದೆ, ಎರಡು ಟ್ರೀವ್ಯೂ ಸಾಲುಗಳನ್ನ ವ್ಯಾಲಿಡೇಟ್ ಮಾಡೋ ಕಡೆ, ಒಂದು ಚಿತ್ರ ಬಿಡಿಸೋ ಕಡೆ, ಒಂದು ಲಿಸ್ಟ್‌ಸ್ಟೋರ್ ಒಳಗೇ. ನಾಲ್ಕರಲ್ಲೂ ಇನ್ನೊಂದು ಥ್ರೆಡ್ ನಮ್ಮ ಸಾಲನ್ನ_ಸೇರಿಸು ಒಳಗೇ ಇತ್ತು.

ಲೇಬಲ್ ವಿಷ್ಯಾನೂ ಹೇಳಿದ ಹಾಗೇ, ಬ್ಯಾಕಪ್ ಡೈರೆಕ್ಟರಿ ಒಂದನ್ನ ಎಂವಿ ಮಾಡಿ ತಂದಿದ್ರು, ಅದರೊಳಗಿನ ಒಂದೊಂದು ಫೈಲಿಗೂ ಒಂದೊಂದು ಡಿನೈಯಲ್. ಅಲರ್ಟ್ ಉಳಿಸಿಟ್ಕೊಂಡು ಆಮೇಲೆ ರಿಸ್ಟೋರ್‌ಕಾನ್ ಕೊಟ್ಟೆ.

ಈಗ ಕೋಡ್ ಸರಿ ಮಾಡೋದು. ಥ್ರೆಡ್ ತೆಗೆದ್ರೆ ವಿಂಡೋ ಮತ್ತೆ ಗಟ್ಟಿಯಾಗತ್ತೆ. ಲಿಸ್ಟ್‌ಸ್ಟೋರ್ ಸುತ್ತ ಒಂದು ಲಾಕ್ ಹಾಕಿದ್ರೆ ಸಾಕಾ?


ಎಳೆಬಿಡಿಸು:

ಲಾಕ್ ಬೇಡ. ನಿಮ್ಮ ಲಾಕ್ ನಿಮ್ಮ ಕೋಡಿಗೆ ಗೊತ್ತು, ಜಿಟಿಕೆಗೆ ಗೊತ್ತಿಲ್ಲ, ಅದು ಚಿತ್ರ ಬಿಡಿಸೋವಾಗ ನಿಮ್ಮ ಲಾಕ್ ಕೇಳ್ಕೊಂಡು ಬರಲ್ಲ.

ಥ್ರೆಡ್ ಇರ್ಲಿ, ಅದು ಪ್ಯಾಕೇಜ್ ಹುಡುಕೋ ಕೆಲಸ ಮಾತ್ರ ಮಾಡ್ಲಿ, ಮುಗಿದ ಮೇಲೆ ಫಲಿತಾಂಶಾನ ಜಿಲಿಬ್ ಐಡಲ್-ಆಡ್ ಮೂಲಕ ಮೇನ್ ಲೂಪಿಗೆ ಕೊಟ್ಟು ಸುಮ್ಮನಾಗ್ಲಿ. ಪಟ್ಟಿಗೆ ಸೇರಿಸೋ ಫಂಕ್ಷನ್ ಮೇನ್ ಥ್ರೆಡ್ಡಲ್ಲೇ ಓಡತ್ತೆ. ಆ ಫಂಕ್ಷನ್ ಕೊನೇಲಿ ಫಾಲ್ಸ್ ವಾಪಸ್ ಕೊಡ್ಲೇಬೇಕು, ಟ್ರೂ ಕೊಟ್ರೆ ಅದನ್ನೇ ಮತ್ತೆ ಮತ್ತೆ ಕರೀತಾ ಹೋಗಿ ಒಂದೇ ಅಲರ್ಟ್ ಪಟ್ಟಿ ತುಂಬಾ ತುಂಬ್ಕೊಳ್ಳತ್ತೆ, ಸಿಪಿಯು ಪೂರ್ತಿ ತಿನ್ನತ್ತೆ. ಅಲರ್ಟ್ ತುಂಬಾ ಬಂದಾಗ ಒಂದೊಂದಕ್ಕೂ ಒಂದು ಐಡಲ್-ಆಡ್ ಮಾಡೋ ಬದಲು ಒಂದು ಕ್ಯೂನಲ್ಲಿ ಹಾಕಿ, ಟೈಮ್‌ಔಟ್-ಆಡ್ ಇಟ್ಟು 200 ಮಿಲಿಸೆಕೆಂಡಿಗೊಮ್ಮೆ ಇದ್ದಷ್ಟನ್ನೂ ಒಟ್ಟಿಗೆ ಸೇರಿಸಿದ್ರೆ ಇನ್ನೂ ಚೆನ್ನ.

ಇನ್ನೊಂದು ಜಾಗ ನೋಡಿ: ಕ್ಲಿಕ್ ಮಾಡಿದ ಸಾಲಿನ ಟ್ರೀಇಟರ್‌ನ (ಆ ಸಾಲಿಗೆ ಬೆರಳು ತೋರಿಸೋ ಗುರುತು) ಎಲ್ಲಾದ್ರೂ ಎತ್ತಿಟ್ಕೊಂಡು ಆಮೇಲೆ ಬಳಸ್ತಿದೀರಾ? ಲಿಸ್ಟ್‌ಸ್ಟೋರಲ್ಲಿ ಆ ಸಾಲು ಇರೋವರೆಗೂ ಇಟರ್ ಸರಿ ಇರತ್ತೆ, ಸಾಲು ಅಳಿಸಿದ ಮೇಲೆ ಅದನ್ನ ಮುಟ್ಟಿದ್ರೆ ಮತ್ತೆ ಇದೇ ಕಥೆ. ಅಲ್ಲಿ ಟ್ರೀ-ರೋ-ರೆಫರೆನ್ಸ್ ಬಳಸಿ, ಸಾಲು ಹೋಗಿದ್ರೆ ಹೋಗಿದೆ ಅಂತ ತಾನೇ ಹೇಳತ್ತೆ.


ಹೊಸಚಿಗುರು:

ಓದ್ತಾ ಓದ್ತಾ ತುಂಬಾ ಕಲಿತೆ, ನಾನು ಜರ್ನಲ್ ನೋಡೋಕೆ ಮುಂಚೆನೇ ಡ್ರೈವರ್ ಅಂತ ಹೇಳಿಬಿಟ್ಟೆ. ಒಂದು ಪ್ರಶ್ನೆ, ಸರಿ ಮಾಡಿದ ಮೇಲೆ ನಿಜವಾಗ್ಲೂ ಸರಿ ಆಗಿದೆ ಅಂತ ಎಷ್ಟು ಹೊತ್ತು ಕಾದ್ರೆ ನಂಬಬಹುದು? ಬೀಳದೇ ಇರೋದು ಅದೃಷ್ಟಾನೂ ಆಗಿರಬಹುದಲ್ವಾ?


ಎಳೆಬಿಡಿಸು:

ಒಳ್ಳೇ ಪ್ರಶ್ನೆ. ಕ್ರ್ಯಾಶ್ ಒಂದಕ್ಕೊಂದು ಸಂಬಂಧ ಇಲ್ಲದೇ ಬೀಳತ್ತೆ ಅಂದ್ಕೊಂಡ್ರೆ, ಸರಾಸರಿ ಅಂತರದ ಮೂರರಷ್ಟು ಹೊತ್ತು ಬಗ್ ಇದ್ದೂ ಬೀಳದೇ ಇರೋ ಸಾಧ್ಯತೆ ಸುಮಾರು 5%. ಐದರಷ್ಟು ಕಾದ್ರೆ 1%ಗಿಂತ ಕಮ್ಮಿ. ಎರಡು ದಿನಕ್ಕೊಮ್ಮೆ ಬೀಳೋದಾದ್ರೆ ಹತ್ತು ದಿನ ಕಾಯ್ಬೇಕು, ಸ್ಕ್ರಿಪ್ಟಲ್ಲಿ ಎರಡು ನಿಮಿಷಕ್ಕೆ ಬೀಳೋದಾದ್ರೆ ಹತ್ತೇ ನಿಮಿಷ. ಬಗ್ಗನ್ನ ಮೊದಲು ಬೇಗ ಬೀಳೋ ಹಾಗೆ ಮಾಡ್ಕೊಳ್ಳಿ ಅಂತ ನಾನು ಒತ್ತಾಯ ಮಾಡೋದು ಇದಕ್ಕೇ.


ಮುಂಜಾವು:

ಬದಲಾವಣೆ ಮಾಡಿ ಸ್ಕ್ರಿಪ್ಟ್ ಹಾಕ್ದೆ. ನಲವತ್ತು ನಿಮಿಷ ಓಡಿ ಬಿತ್ತು! ಎದೆ ಧಸಕ್ ಅಂತು, ಕೋರ್ ತೆಗೆದು ನೋಡಿದ್ರೆ ಈ ಸಲ ಒಂದೇ ಥ್ರೆಡ್, ಎಳೆಬಿಡಿಸು ಅವ್ರು ಹೇಳಿದ ಎರಡನೇ ಜಾಗವೇ. ಪಟ್ಟಿ ಸಾವಿರ ದಾಟಿದ್ರೆ ಹಳೇ ಸಾಲು ಅಳಿಸ್ತೀವಿ, ನಾನು ಆರಿಸಿಟ್ಟಿದ್ದ ಸಾಲೂ ಅದರ ಜೊತೆ ಹೋಗಿತ್ತು, ವಿವರ ತೋರಿಸೋ ಪ್ಯಾನಲ್ ಹಳೇ ಇಟರ್ ಹಿಡ್ಕೊಂಡಿತ್ತು. ಎರಡು ಬೇರೆ ಬೇರೆ ಬಗ್, ಎರಡಕ್ಕೂ ಹೊರಗೆ ಕಾಣೋ ಲಕ್ಷಣ ಒಂದೇ.

ಅಲ್ಲೂ ಟ್ರೀ-ರೋ-ರೆಫರೆನ್ಸ್ ಹಾಕ್ದೆ. ನಿನ್ನೆ ರಾತ್ರಿ ಮೂರೂ ಮಷೀನಲ್ಲಿ ಸ್ಕ್ರಿಪ್ಟ್ ಬಿಟ್ಟು ಮಲಗಿದ್ದೆ, ಬೆಳಿಗ್ಗೆ ಎದ್ದ ಕೂಡ್ಲೇ ಮೊದಲು ನೋಡಿದ್ದು ಅದನ್ನೇ, ಒಂಬತ್ತು ಗಂಟೆ ಓಡಿದೆ, ಮೂರೂ ಓಡ್ತಾನೇ ಇವೆ, ಕೋರ್‌ಡಂಪ್ ಲಿಸ್ಟಲ್ಲಿ ಹೊಸ ಸಾಲಿಲ್ಲ. ಜೊತೆಗೆ ಡೀಮನ್ನಲ್ಲೂ ಒಂದು ಬದಲಾವಣೆ ಮಾಡಿದೀನಿ, ವ್ಯೂವರ್ ಬಸ್ ಮೇಲೆ ಇಲ್ಲ ಅಂತ ಕಂಡ್ರೆ ಡೆಸ್ಕ್‌ಟಾಪ್ ನೋಟಿಫಿಕೇಶನ್ ಹಾಕತ್ತೆ. ಹೋದ ವಾರ ಸಂಜೆವರೆಗೂ ಯಾರೂ ನೋಡದ ಆ ದಿನದ ಲಾಗನ್ನೂ ಕೂತು ಪೂರ್ತಿ ಓದಿದೆ, ಎಲ್ಲವೂ ಆ ಬ್ಯಾಕಪ್ ಡೈರೆಕ್ಟರಿಯದ್ದೇ, ಬೇರೆ ಏನೂ ಇರ್ಲಿಲ್ಲ.